ನೂರಕ್ಕೆ ಮುಕ್ಕಾಲು

ಗೂಡಿನ ಮಾರುಕಟ್ಟೆಯ ಚೀಟಿಯ ಬೆನ್ನಿಗೆ
ಸಾಲಗಳನ್ನು ಬರೆದೆ, ಸಣ್ಣ ಅಕ್ಷರದಲ್ಲಿ,
ಸಣ್ಣಗೆ ಬರೆದರೆ ಸಣ್ಣವಾಗುತ್ತವೇನೋ ಅನ್ನುವ ಹಾಗೆ.

ಚೌಡರೆಡ್ಡಿಯ ಕೈಗಡ ನಲವತ್ತು ಸಾವಿರ, ನೂರಕ್ಕೆ ಐದು.
ಮಂಗಳವಾರದ ಸಂಘದ್ದು ಮೂವತ್ತು, ನೂರಕ್ಕೆ ಎರಡು.
ಮೊಬೈಲಿನೊಳಗಿನ ಮುಖವಿಲ್ಲದವನದು ಹದಿನೈದು, ನೂರಕ್ಕೆ ಮೂರು,
ಮೇಲೆ ದಿನಕ್ಕೆ ನಾಲ್ಕು ಫೋನು.
ಗಾಡಿಯದು ಮೂವತ್ತೈದು, ಒಂದೂವರೆ.
ಗಾಡಿ ಕೆಟ್ಟು ನಿಂತಿದೆ, ಕಂತು ಓಡುತ್ತಿದೆ.
ಕೊನೆಗೆ ಇಲಿಯಾಸ್ ಭಾಯಿ, ಶಾಹಿದಾಳ ಅಣ್ಣ, ಇಪ್ಪತ್ತು.
ಅಲ್ಲಿ ಬಡ್ಡಿಯ ಜಾಗದಲ್ಲಿ ಸೊನ್ನೆ.

ಬಡ್ಡಿ ತಿನ್ನುವುದೂ ಪಾಪ, ತಿನ್ನಿಸುವುದೂ ಪಾಪ
ಅಂತಿದ್ದರು ಅಬ್ಬಾ.
ಇರಲಿ. ಆ ಲೆಕ್ಕ ಬೇರೆ ಕಡೆ ಇದೆ,
ಈ ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನೆದುರು, ಗಾಜಿನ ಬಾಗಿಲ ಫೈನಾನ್ಸು.
ಹುಳದ ವಾಸನೆಯ ನನ್ನನ್ನು ಹುಡುಗ ಸಾರ್ ಅಂದ,
ನೀರು ಕೊಟ್ಟ.
“ಐದೂ ಸಾಲ ಒಂದೇ ಸಾಲ. ತಿಂಗಳಿಗೆ ಬರೀ
ಮೂರು ಸಾವಿರದ ಏಳುನೂರೈವತ್ತು.”

ನನಗೆ ತಿಳಿಯುವ ಮಾತು.
ಕುದಿನೀರಲ್ಲಿ ಏಳೆಂಟು ಗೂಡು ಕುಣಿಯುತ್ತವೆ,
ತುದಿ ಹುಡುಕಿ ಕೂಡಿಸಿದರೆ ಒಂದು ನೂಲು.
ಒಂಟಿ ಎಳೆ ಉಸಿರಿಗೇ ಹರಿಯುತ್ತದೆ,
ಕೂಡಿದ್ದು ಮದುವೆ ಸೀರೆಯಾಗುತ್ತದೆ.
ಸಹಿ ಹಾಕುವುದೊಂದು ಬಿಟ್ಟು ಎಲ್ಲ ಮುಗಿಸಿ
ಕಾಗದ ಮನೆಗೆ ತಂದೆ.

ಶಾಹಿದಾ ಕಾಗದ ಓದಲಿಲ್ಲ. ಎಷ್ಟು ತಿಂಗಳು, ಅಂದಳು.
ಅರವತ್ತು.
ಮಗನ ಪೆನ್ಸಿಲ್ ತೆಗೆದು ಗುಣಿಸಿದಳು, ದಶಕ ಎತ್ತಿಟ್ಟಳು,
ತುಟಿ ಮಾತ್ರ ಅಲ್ಲಾಡುತ್ತಿತ್ತು.
“ಒಂದು ಲಕ್ಷ ನಲವತ್ತು ತಂದು
ಎರಡು ಲಕ್ಷ ಇಪ್ಪತ್ತೈದು ಕೊಡೋದು.
ಇದು ಚಿಕ್ಕ ಕಂತಲ್ಲ ರೀ, ಉದ್ದ ಕಂತು.”

ಆಮೇಲೆ:
“ಎಲ್ಲಾನೂ ಯಾಕೆ ಕೂಡಿಸಬೇಕು? ಗಾಡಿಯದು ಹಾಗೇ ನಡೀಲಿ,
ಮುಂಚೆ ತೀರಿಸಿದರೆ ದಂಡ ಹಾಕ್ತಾರೆ.
ನೀವು ಸಿಕ್ಕಿದ ಗೂಡನ್ನೆಲ್ಲ ಒಂದೇ ನೂಲಿಗೆ ಎಳೀತೀರಾ?”
ಹದಿನೆಂಟು ವರ್ಷ ಚರಕದ ಮುಂದೆ ಕೂತವನು
ಸುಮ್ಮನೆ ಚಹಾ ಕುಡಿದೆ.

ಬಳೆ ಎರಡು. ಕೈಗೆ ಸೋಪು ಹಚ್ಚಿ, ಹಲ್ಲು ಕಚ್ಚಿ,
ನಾನು ಎಳೆದೆ, ಅವಳು ನಕ್ಕಳು, ಆಮೇಲೆ ನಗಲಿಲ್ಲ.
ಬ್ಯಾಂಕಿನ ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ
ಯಾರದೋ ಹಣೆ ನೋಡುವಂತೆ ನೋಡಿದ.
ಎಂಬತ್ತೈದು ಸಾವಿರ. ನೂರಕ್ಕೆ ಮುಕ್ಕಾಲು.
ನಿನ್ನೆಯವರೆಗೆ ಮೂರೂ ಕಡೆ ಸೇರಿ ತಿಂಗಳಿಗೆ
ಮೂರು ಸಾವಿರದ ಐವತ್ತು ಬರೀ ಬಡ್ಡಿ;
ಇನ್ನು ಆರುನೂರ ಮೂವತ್ತೇಳೂವರೆ.
ಆ ಅರ್ಧ ರೂಪಾಯಿಯನ್ನೂ ಅವಳು ಬರೆದುಕೊಂಡಳು.

ಚೌಡರೆಡ್ಡಿ ನೋಟು ಎರಡು ಸಲ ಎಣಿಸಿದ.
“ಏನು ಅವಸರ ಇತ್ತು” ಅಂದ, ನಿಜವಾದ ಬೇಸರದಲ್ಲಿ.

ಉಳಿಯುವ ಎರಡು ಸಾವಿರದ ನಾನೂರು ಚಿಲ್ಲರೆ
ಮೊದಲು ಅಣ್ಣನಿಗೆ, ಅಂದಳು.
ಅವನದಕ್ಕೆ ಬಡ್ಡಿಯಿಲ್ಲ, ಕೊನೆಗೆ ಕೊಡೋಣ, ಅಂದೆ.
ಲೆಕ್ಕ ನನ್ನದೇ ಸರಿ.
ಚೀಟಿ ಕೈಗೆ ತಗೊಂಡು ಅವಳು ಹೇಳಿದಳು:
“ಹಬ್ಬಕ್ಕೆ ಹೋದಾಗ ಅವನು ಕೇಳಲ್ಲ.
ಅತ್ತಿಗೆ ಬಿರಿಯಾನಿ ಬಡಿಸೋಕೆ ಬಂದರೆ
ಎರಡನೇ ಸಲ ನಾನು ಬೇಡ ಅಂತೀನಿ.
ಎರಡು ವರ್ಷದಿಂದ.”

ಸೊನ್ನೆಯನ್ನು ಹೊಡೆದುಹಾಕಿದೆ.
ಅಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ.

ಸಾಲ ತೀರಿಲ್ಲ. ಅಗ್ಗವಾಗಿದೆ, ಅಷ್ಟೆ.
ಬೆಳಗಿನ ಐದಕ್ಕೆ ಒಲೆ ಹೊತ್ತಿಸಿ
ಬಿಸಿನೀರಿಗೆ ಕೈಯಿಟ್ಟು ತುದಿ ಹುಡುಕುತ್ತಾಳೆ.
ಮುಂಚೆ ತಾಮ್ರದ ಅಂಚಿಗೆ ಬಳೆ ತಾಗುತ್ತಿತ್ತು,
ನಾನು ತಲೆ ಎತ್ತದೆಯೇ ಅವಳು ಪಕ್ಕದಲ್ಲಿರುವುದು ಗೊತ್ತಾಗುತ್ತಿತ್ತು.
ಈಗ ಹೊಗೆಯಲ್ಲಿ ನಡುನಡುವೆ
ತಲೆ ಎತ್ತಿ ನೋಡುತ್ತೇನೆ.